ಆರು, ಏಳು, ಎಂಟು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಕಲಬುರಗಿಯ ಜನ ಜಿಲ್ಲಾವಾರು ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಾರೆ. ಕೊನೆಯ ಸ್ಥಾನ ನಮ್ಮದೋ, ಪಕ್ಕದ ಯಾದಗಿರಿಯದೋ ಎಂಬುದಷ್ಟೇ ಗೊತ್ತಾಗಬೇಕಿರುತ್ತದೆ. 2024ರಲ್ಲಿ ಯಾದಗಿರಿ ಕೊನೆಯಲ್ಲಿತ್ತು. 2025ರಲ್ಲಿ ಕಲಬುರಗಿ, ಶೇ 42.43. ಅದೇ ಪಟ್ಟಿಯ ತಲೆಯ ಮೇಲೆ ದಕ್ಷಿಣ ಕನ್ನಡ ಶೇ 91 ದಾಟಿ ನಿಂತಿತ್ತು. ಪರೀಕ್ಷೆಗೆ ಕುಳಿತ ನಮ್ಮ ನೂರು ಮಕ್ಕಳಲ್ಲಿ ಐವತ್ತೇಳಕ್ಕೂ ಹೆಚ್ಚು ಮಕ್ಕಳು ಅಂದು ಫೇಲಾಗಿ ಮನೆಗೆ ಹೋದರು. ಹದಿನೈದು–ಹದಿನಾರು ವರ್ಷದ ಮಕ್ಕಳು.

ಆಮೇಲೆ ನಡೆಯುವುದೆಲ್ಲ ನಮಗೆ ಬಾಯಿಪಾಠ. ಅಧಿಕಾರಿಗಳ ಸಭೆ, ಮುಖ್ಯ ಶಿಕ್ಷಕರಿಗೆ ನೋಟಿಸು, ಸಂಜೆಯ ವಿಶೇಷ ತರಗತಿ, ‘ಪಾಸಿಂಗ್ ಪ್ಯಾಕೇಜ್’, ಹತ್ತನೇ ಕ್ಲಾಸಿನ ಮಕ್ಕಳನ್ನು ಶಿಕ್ಷಕರು ದತ್ತು ತೆಗೆದುಕೊಳ್ಳುವುದು. ಇವುಗಳಲ್ಲಿ ಯಾವುದೂ ಬೇಡವೆನ್ನುವ ಮಾತಲ್ಲ. ಆದರೆ ಹತ್ತನೇ ಕ್ಲಾಸಿನಲ್ಲಿ ಫೇಲಾಗುವ ಮಗು ಅಲ್ಲಿಗೆ ಬಂದು ಫೇಲಾಗುವುದಿಲ್ಲ. ಅದು ಆರನೇ ಕ್ಲಾಸಿನಲ್ಲಿ ಹಿಂದೆ ಬಿದ್ದಿರುತ್ತದೆ, ಏಳರಲ್ಲಿ ಕೈಬಿಟ್ಟಿರುತ್ತದೆ, ಎಂಟರಲ್ಲಿ ಹೊಸ ಶಾಲೆಯ ಹಿಂದಿನ ಬೆಂಚಿನಲ್ಲಿ ಕುಳಿತು ಸುಮ್ಮನಾಗಿರುತ್ತದೆ. ಹನ್ನೊಂದರಿಂದ ಹದಿನಾಲ್ಕರ ವಯಸ್ಸಿನ ಆ ಮೂರು ವರ್ಷಗಳ ಬಗ್ಗೆ ನಮ್ಮಲ್ಲಿ ಯಾರೂ ಸಭೆ ಕರೆಯುವುದಿಲ್ಲ. ಒಂದರಿಂದ ಮೂರನೇ ತರಗತಿಗೆ ‘ನಲಿ–ಕಲಿ’ ಇದೆ. ಹತ್ತಕ್ಕೆ ಇಡೀ ಜಿಲ್ಲಾಡಳಿತವೇ ಇದೆ. ನಡುವೆ ಇರುವವರಿಗೆ ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಅಲ್ಲಿ ಎಷ್ಟು ಮಂದಿ ಇದ್ದಾರೋ ಅಷ್ಟು ಮಂದಿ ಮಾಸ್ತರು.

ಕಮಲಾಪುರದ ಕಡೆಗೆ ಹೋದರೆ ಇದು ಸ್ಪಷ್ಟವಾಗಿ ಕಾಣುತ್ತದೆ. ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಸುಮಾರು 40 ಕಿ.ಮೀ. ದೂರದ ಈ ಊರನ್ನು ಹೊರಗಿನವರು ಕೆಂಪು ಬಾಳೆಯಿಂದ ಗುರುತಿಸುತ್ತಾರೆ. ಭೌಗೋಳಿಕ ಸೂಚ್ಯಂಕ ಪಡೆದ ಹಣ್ಣು ಅದು. ಬೆಳೆಯಲು ಬೇರೆ ಬಾಳೆಗಿಂತ ಹೆಚ್ಚು ತಿಂಗಳು ಬೇಕು, ಹಾಗಾಗಿ ಬೆಲೆಯೂ ಹೆಚ್ಚು. ಬಹುಕಾಲ ಕಲಬುರಗಿ ತಾಲೂಕಿನ ಒಂದು ಹೋಬಳಿಯಾಗಿದ್ದ ಕಮಲಾಪುರ 2018ರ ಹೊತ್ತಿಗೆ ತಾಲೂಕಾಯಿತು. ಸುತ್ತಲೂ ತೊಗರಿಯ ಹೊಲಗಳು, ಗುಡ್ಡದ ಓರೆಗಳಲ್ಲಿ ಲಂಬಾಣಿ ತಾಂಡಾಗಳು. ತಾಂಡಾದಲ್ಲಿ ಒಂದರಿಂದ ಐದನೇ ತರಗತಿಯ ಕಿರಿಯ ಪ್ರಾಥಮಿಕ ಶಾಲೆ ಇದ್ದರೆ, ಆರನೇ ತರಗತಿಗೆ ಮಕ್ಕಳು ದೊಡ್ಡ ಊರಿಗೆ ನಡೆಯಬೇಕು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಕಿರಿಯರಿಗೆ 1 ಕಿ.ಮೀ. ಒಳಗೆ, ಆರರಿಂದ ಎಂಟನೇ ತರಗತಿಯವರಿಗೆ 3 ಕಿ.ಮೀ. ಒಳಗೆ ಶಾಲೆ ಇರಬೇಕು. ನಕ್ಷೆಯ ಮೇಲೆ 3 ಕಿ.ಮೀ. ಬಹಳ ದೂರವಲ್ಲ. ಮಳೆಗಾಲದಲ್ಲಿ ಎರೆಮಣ್ಣಿನ ದಾರಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುವ ಹನ್ನೊಂದು ವರ್ಷದವರಿಗೆ ಅದು ಬೇರೆಯೇ ಲೆಕ್ಕ.

ಮಧ್ಯಮ ಶಾಲೆ ಎಂಬ ಪ್ರತ್ಯೇಕ ಹಂತ ಈ ಸೀಮೆಗೆ ಹೊಸದಲ್ಲ. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಶಾಲೆಗಳು ಮೂರು ಹಂತದಲ್ಲಿದ್ದವು: ತಹತಾನಿಯಾ, ವಸ್ತಾನಿಯಾ, ಫೌಖಾನಿಯಾ. ನಡುವಿನದು ವಸ್ತಾನಿಯಾ. ಕನ್ನಡ ಮಾತಾಡುವ ಮಗು ಆ ಹಂತಕ್ಕೆ ಏರಿದಾಗ ಎದುರಾಗುತ್ತಿದ್ದುದು ಉರ್ದು. 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದು ಮಾಧ್ಯಮದಲ್ಲೇ ಶುರುವಾದ ಮೇಲೆ, ಮುಂದೆ ಓದಬೇಕೆಂದರೆ ಉರ್ದು ಬಿಟ್ಟು ಬೇರೆ ದಾರಿ ಇರಲಿಲ್ಲ. ಹೆಚ್ಚಿನ ರೈತರ ಮಕ್ಕಳು ಮನೆಯ ಭಾಷೆಯಲ್ಲಿ ಅಕ್ಷರ ಕಲಿತು ಅಲ್ಲಿಗೇ ನಿಲ್ಲುತ್ತಿದ್ದರು. ಆ ಕಾಲದಲ್ಲಿ ಕಲಬುರಗಿ ಪಟ್ಟಣದಲ್ಲಿ ಪರ್ಯಾಯವಾಗಿ ಎದ್ದು ನಿಂತದ್ದು 1907ರ ನೂತನ ವಿದ್ಯಾಲಯ. ರಾಷ್ಟ್ರೀಯ ಚಳವಳಿಯ ಹುರುಪಿನಲ್ಲಿ ಊರಿನವರೇ ಕಟ್ಟಿಕೊಂಡ ಶಾಲೆ ಅದು. ಮಲ್ಲಿಕಾರ್ಜುನ ಖರ್ಗೆ ಅವರು ಓದಿದ್ದೂ ಅಲ್ಲೇ. ಆದರೆ ಪಟ್ಟಣದ ಒಂದು ಶಾಲೆ ಕಮಲಾಪುರದ ತಾಂಡಾಗಳನ್ನು ಮುಟ್ಟುವಂತಿರಲಿಲ್ಲ. ನಿಜಾಮರ ಆಳ್ವಿಕೆ ಕೊನೆಗೊಂಡ 1948ರ ಸೆಪ್ಟೆಂಬರ್ 17ರ ನಂತರ, 1956ರ ಏಕೀಕರಣದ ನಂತರ ಶಾಲೆಗಳು ಹಳ್ಳಿಗೆ ಬಂದವು. ಹಳೇ ಮೈಸೂರಿನಲ್ಲೂ ಕರಾವಳಿಯಲ್ಲೂ ಅಷ್ಟರಲ್ಲಿ ಎರಡು ತಲೆಮಾರು ಕನ್ನಡ ಶಾಲೆ ಮುಗಿಸಿಯಾಗಿತ್ತು. 2011ರ ಜನಗಣತಿಯಲ್ಲೂ ಕಲಬುರಗಿ ಜಿಲ್ಲೆಯ ಸಾಕ್ಷರತೆ ಶೇ 65ರ ಆಸುಪಾಸಿನಲ್ಲಿತ್ತು. ಹೆಣ್ಣುಮಕ್ಕಳಲ್ಲಿ ಶೇ 55. ಇವತ್ತು ಏಳನೇ ಕ್ಲಾಸಿನಲ್ಲಿ ಕುಳಿತಿರುವ ಎಷ್ಟೋ ಮಕ್ಕಳ ಮನೆಯಲ್ಲಿ, ಹೋಂವರ್ಕ್ ತೋರಿಸಿದರೆ ಓದಬಲ್ಲ ಮೊದಲ ವ್ಯಕ್ತಿ ಆ ಮಗುವೇ.

ಐದನೇ ಕ್ಲಾಸು ಮುಗಿಯುವ ಹೊತ್ತಿಗೆ ಈಗ ಇನ್ನೊಂದು ಕೆಲಸ ನಡೆಯುತ್ತದೆ. ದಾಲ್ ಮಿಲ್ಲಿನಲ್ಲಿ ತೊಗರಿಯನ್ನು ಜರಡಿ ಹಿಡಿದು ದಪ್ಪ ಕಾಳನ್ನು ಬೇರೆ ಮಾಡುವಂತೆ, ಊರಿನ ಶಾಲೆಯಿಂದ ಚುರುಕಾದ ಮಕ್ಕಳನ್ನು ಆರಿಸಿ ತೆಗೆಯಲಾಗುತ್ತದೆ. ನವೋದಯಕ್ಕೆ ಒಂದು ಪರೀಕ್ಷೆ, ಮೊರಾರ್ಜಿ ದೇಸಾಯಿ ಮತ್ತು ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿಗೆ ಒಂದು, ಆದರ್ಶ ವಿದ್ಯಾಲಯಕ್ಕೆ ಇನ್ನೊಂದು. ಎಲ್ಲ ಕಡೆಯೂ ಪ್ರವೇಶ ಆರನೇ ತರಗತಿಗೆ. ಕಮಲಾಪುರ ತಾಲೂಕಿನ ಮರಮಂಚಿಯಲ್ಲೇ ಜವಾಹರ ನವೋದಯ ವಿದ್ಯಾಲಯವಿದೆ. ಒಂದು ನವೋದಯಕ್ಕೆ ವರ್ಷಕ್ಕೆ ಸಾಮಾನ್ಯವಾಗಿ 80 ಮಕ್ಕಳು, ಮುಕ್ಕಾಲು ಪಾಲು ಗ್ರಾಮೀಣರು. ಈ ಶಾಲೆಗಳ ಬಗ್ಗೆ ನನಗೆ ಗೌರವವಿದೆ. ಕೂಲಿಕಾರರ ಮಕ್ಕಳನ್ನು ಎಂಜಿನಿಯರು, ಡಾಕ್ಟರು ಮಾಡಿದ ಶಾಲೆಗಳು ಅವು. ಅಲ್ಲಿ ಸೀಟು ಸಿಕ್ಕ ಮನೆಯಲ್ಲಿ ಹಬ್ಬ ಆಗುವುದನ್ನು ನೋಡಿದರೆ ಯಾರೂ ಅವುಗಳ ವಿರುದ್ಧ ಒಂದು ಮಾತೂ ಆಡಲಾರರು.

ಆದರೆ ಉಳಿದವರ ಕಥೆ? ಇಪ್ಪತ್ತೈದು ಮಕ್ಕಳ ಕ್ಲಾಸಿನಿಂದ ಇಬ್ಬರು ನವೋದಯಕ್ಕೆ, ಮೂವರು ಮೊರಾರ್ಜಿಗೆ, ನಾಲ್ವರು ಹಳದಿ ಬಣ್ಣದ ವ್ಯಾನು ಹತ್ತಿ ಖಾಸಗಿ ಇಂಗ್ಲಿಷ್ ಮಾಧ್ಯಮಕ್ಕೆ, ಮತ್ತೊಬ್ಬಿಬ್ಬರು ಕಲಬುರಗಿಯಲ್ಲಿ ಬಾಡಿಗೆ ಕೋಣೆ ಹಿಡಿದ ಸಂಬಂಧಿಕರ ಮನೆಗೆ ಹೋದರೆ, ಆರನೇ ತರಗತಿಯಲ್ಲಿ ಕ್ಲಾಸಿನ ಮುಂದಾಳುಗಳೇ ಇರುವುದಿಲ್ಲ. ಪಕ್ಕದವರಿಗೆ ಲೆಕ್ಕ ಹೇಳಿಕೊಡುತ್ತಿದ್ದ ಹುಡುಗಿ ಹೋಗಿರುತ್ತಾಳೆ. ಪ್ರಶ್ನೆ ಕೇಳುತ್ತಿದ್ದ ಹುಡುಗ ಹೋಗಿರುತ್ತಾನೆ. ಶಾಲೆಗಾಗಿ ಓಡಾಡುತ್ತಿದ್ದ ಅವರ ತಂದೆ–ತಾಯಿಯೂ ಆ ಶಾಲೆಯ ಹಂಗು ಬಿಟ್ಟಿರುತ್ತಾರೆ. ಹೀಗೆ ಉಳಿದ ಮಕ್ಕಳಿಗೆ ನಿಜವಾಗಿ ಸಿಗಬೇಕಾದ್ದು ಜಿಲ್ಲೆಯ ಅತ್ಯುತ್ತಮ ಶಿಕ್ಷಕರು. ಸಿಗುವುದು ಖಾಲಿ ಹುದ್ದೆ.

ಶಿಕ್ಷಕರ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ರೋಗದ ಮೂಲ ಇಲ್ಲಿದೆ. ಕಾಯ್ದೆ ಪ್ರಕಾರ ಆರರಿಂದ ಎಂಟನೇ ತರಗತಿಗೆ 35 ಮಕ್ಕಳಿಗೊಬ್ಬ ಶಿಕ್ಷಕ, ಜತೆಗೆ ವಿಜ್ಞಾನ–ಗಣಿತಕ್ಕೆ ಒಬ್ಬರು, ಸಮಾಜ ವಿಜ್ಞಾನಕ್ಕೆ ಒಬ್ಬರು, ಭಾಷೆಗೆ ಒಬ್ಬರು ಇರಲೇಬೇಕು. ವರ್ಷಕ್ಕೆ 220 ದಿನ ಶಾಲೆ, 1000 ಗಂಟೆ ಪಾಠ. ಇದಕ್ಕಾಗಿಯೇ ‘ಪದವೀಧರ ಪ್ರಾಥಮಿಕ ಶಿಕ್ಷಕ’ ಎಂಬ ಹುದ್ದೆ ಇದೆ. ಇಲಾಖೆಯಲ್ಲಿ ಎಲ್ಲರೂ ‘ಜಿಪಿಟಿ’ ಎನ್ನುತ್ತಾರೆ. 2022ರಲ್ಲಿ 15 ಸಾವಿರ ಜಿಪಿಟಿ ಹುದ್ದೆಗಳಿಗೆ ಅರ್ಜಿ ಕರೆದರು. ಅದರಲ್ಲಿ 5 ಸಾವಿರ ಕಲ್ಯಾಣ ಕರ್ನಾಟಕಕ್ಕೇ ಮೀಸಲು. ಮೇ ತಿಂಗಳಲ್ಲಿ ಪರೀಕ್ಷೆಯೂ ಆಯಿತು. ಆಮೇಲೆ ಮದುವೆಯಾದ ಮಹಿಳಾ ಅಭ್ಯರ್ಥಿಗಳು ಜಾತಿ–ಆದಾಯ ಪ್ರಮಾಣಪತ್ರವನ್ನು ತಂದೆಯ ಹೆಸರಿನಲ್ಲಿ ಕೊಡಬೇಕೋ ಗಂಡನ ಹೆಸರಿನಲ್ಲಿ ಕೊಡಬೇಕೋ ಎಂಬ ವಿವಾದ ಕೋರ್ಟು ಹತ್ತಿತು. 13 ಸಾವಿರಕ್ಕೂ ಹೆಚ್ಚು ಮಂದಿ ಆಯ್ಕೆಯಾಗಿದ್ದರೂ ಅವರು ಶಾಲೆಯ ಮೆಟ್ಟಿಲು ಹತ್ತುವ ಹೊತ್ತಿಗೆ 2023ರ ಕೊನೆ ಬಂದಿತ್ತು. 2022ರ ಜೂನ್‌ನಲ್ಲಿ ಆರನೇ ತರಗತಿಗೆ ಸೇರಿದ ಮಗು ಅಷ್ಟರಲ್ಲಿ ಏಳನೇ ತರಗತಿಯ ಅರ್ಧ ದಾಟಿತ್ತು.

ಇನ್ನೊಂದು ತೊಡಕೂ ಇದೆ. ಒಂದರಿಂದ ಏಳನೇ ತರಗತಿಗೆಂದು ನೇಮಕವಾಗಿ ಹಲವು ವರ್ಷ ಏಳನೇ ತರಗತಿಗೆ ಪಾಠ ಮಾಡಿದ ಶಿಕ್ಷಕರನ್ನು 2017ರ ನಿಯಮ ಒಂದರಿಂದ ಐದನೇ ತರಗತಿಯವರೆಂದು ಹಿಂದಕ್ಕೆ ಸರಿಸಿತು. ಅವರಲ್ಲಿ ಪದವಿ, ಬಿ.ಇಡಿ ಮಾಡಿಕೊಂಡವರಿಗೂ ಅದೇ ಪಾಡು. ಅದರ ವಿರುದ್ಧ 2024ರ ಆಗಸ್ಟ್‌ನಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಸೇರಿದ್ದರು. ಕಾಗದದ ಮೇಲೆ ಕಿರಿಯರ ಶಿಕ್ಷಕರಾದ ಇವರೇ ಜಿಪಿಟಿ ಇಲ್ಲದ ಶಾಲೆಯಲ್ಲಿ ಇಂದಿಗೂ ಆರು–ಏಳಕ್ಕೆ ಪಾಠ ಮಾಡುತ್ತಿದ್ದಾರೆ. ಉಳಿದ ಖಾಲಿ ಜಾಗಕ್ಕೆ ಅತಿಥಿ ಶಿಕ್ಷಕರು. ತಿಂಗಳಿಗೆ 10–12 ಸಾವಿರ ಗೌರವಧನ, ಅದೂ ಶಾಲೆ ನಡೆಯುವ ತಿಂಗಳುಗಳಿಗೆ ಮಾತ್ರ. ಬಿ.ಇಡಿ ಮುಗಿಸಿದ ಊರಿನ ಹೆಣ್ಣುಮಗಳೊಬ್ಬಳು ಆ ದುಡ್ಡಿಗೆ ಬಂದು ಮನಸ್ಸಿಟ್ಟು ವಿಜ್ಞಾನ ಹೇಳಿಕೊಡುತ್ತಾಳೆಂದರೆ ಅದು ಅವಳ ದೊಡ್ಡತನ. ಸರ್ಕಾರ ಅದನ್ನೇ ವ್ಯವಸ್ಥೆ ಎಂದುಕೊಳ್ಳಬಾರದು.

ವಿಷಯ ಶಿಕ್ಷಕ ಇಲ್ಲದಿದ್ದರೆ ಏನು ಕೆಡುತ್ತದೆ ಎಂಬುದಕ್ಕೆ ಆರನೇ ಕ್ಲಾಸಿನ ಒಂದು ಲೆಕ್ಕ ಸಾಕು. ಬೋರ್ಡಿನ ಮೇಲೆ ಮುಕ್ಕಾಲು ಕೂಡಿಸು ಮೂರನೇ ಎರಡು ಎಂದು ಬರೆಯಿರಿ. ಅರ್ಧಕ್ಕರ್ಧ ಮಕ್ಕಳು ಮೇಲಿನ ಮೂರು–ಎರಡು ಕೂಡಿಸಿ ಐದು, ಕೆಳಗಿನ ನಾಲ್ಕು–ಮೂರು ಕೂಡಿಸಿ ಏಳು, ಉತ್ತರ ಏಳನೇ ಐದು ಎಂದು ಖುಷಿಯಿಂದ ಸ್ಲೇಟು ಎತ್ತುತ್ತಾರೆ. ಐದು ವಿಷಯ, ಎರಡು ಕ್ಲಾಸು, ಹಾಲಿನ ಪುಡಿಯ ಲೆಕ್ಕ, ಆನ್‌ಲೈನ್ ಹಾಜರಾತಿ ಎಲ್ಲ ತಲೆಯ ಮೇಲಿರುವ ಮಾಸ್ತರು ‘ತಪ್ಪು’ ಎಂದು ಗೀಟು ಹೊಡೆದು ಮುಂದೆ ಹೋಗುತ್ತಾರೆ. ಅವರಿಗೆ ಬೇರೆ ದಾರಿಯಿಲ್ಲ. ಗಣಿತ ಓದಿ ಬಂದವರು ಅಲ್ಲೇ ನಿಲ್ಲುತ್ತಾರೆ. ‘ಮುಕ್ಕಾಲು ರೊಟ್ಟಿ ತಿಂದಿ, ಮ್ಯಾಲ ಇನ್ನಷ್ಟು ತಿಂದಿ. ಮುಕ್ಕಾಲಿಗಿಂತ ಕಮ್ಮಿ ಹ್ಯಾಂಗ್ ಆಯ್ತು?’ ಎಂದು ಕೇಳುತ್ತಾರೆ. ಮಗು ಮತ್ತೆ ಸ್ಲೇಟು ನೋಡುತ್ತದೆ. ಅಲ್ಲಿಂದ ಸಮಚ್ಛೇದದ ದಾರಿ ತೆರೆಯುತ್ತದೆ. ಆ ಪ್ರಶ್ನೆ ಆರನೇ ತರಗತಿಯಲ್ಲಿ ಬೀಳದಿದ್ದರೆ ಎಂಟರಲ್ಲಿ ಬೀಜಗಣಿತ ಹತ್ತುವುದಿಲ್ಲ, ಹತ್ತರಲ್ಲಿ ಯಾವ ಪ್ಯಾಕೇಜೂ ಕೈಹಿಡಿಯುವುದಿಲ್ಲ. ದೇಶದ ಹಳ್ಳಿಗಳ ಮಕ್ಕಳ ಕಲಿಕೆ ಅಳೆಯುವ ‘ಅಸರ್’ ಸಮೀಕ್ಷೆಯಲ್ಲಿ, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸಬಲ್ಲ ಎಂಟನೇ ತರಗತಿ ಮಕ್ಕಳು 2022ರಲ್ಲಿ ಶೇ 45ರಷ್ಟು ಮಾತ್ರ ಇದ್ದರು.

ಭಾಷೆಯ ಭಾರವೂ ಇದೇ ವಯಸ್ಸಿನಲ್ಲಿ ಕೂಡುತ್ತದೆ. ತಾಂಡಾದ ಮಗುವಿಗೆ ಮನೆಯಲ್ಲಿ ಲಂಬಾಣಿ, ಅಂಗಡಿಯಲ್ಲಿ ದಖನಿ ಉರ್ದು ಬೆರೆತ ಕಲಬುರಗಿ ಕನ್ನಡ, ಪುಸ್ತಕದಲ್ಲಿ ಗ್ರಾಂಥಿಕ ಕನ್ನಡ, ಅದರ ಮೇಲೆ ಇಂಗ್ಲಿಷ್. ಆರನೇ ತರಗತಿಗೆ ಕಾಲಿಟ್ಟಾಗ ತೃತೀಯ ಭಾಷೆಯಾಗಿ ಹಿಂದಿ ಸೇರುತ್ತದೆ. ‘ಸಾಲಿಗಿ ಹೋಗ್ಲಾಕತ್ತೀನ್ರಿ’ ಎನ್ನುವ ಮಗುವಿನ ಮಾತನ್ನು ಅಶುದ್ಧ ಎಂದು ತಿದ್ದುವ ಶಿಕ್ಷಕ ಆ ಮಗುವಿನ ಬಾಯಿ ಮುಚ್ಚಿಸುತ್ತಾನೆ. ಅದೇ ಮಾತಿನಿಂದ ಶುರುಮಾಡಿ ಪುಸ್ತಕದ ಕನ್ನಡಕ್ಕೆ ಕರೆದೊಯ್ಯುವ ಶಿಕ್ಷಕರು ಈ ಸೀಮೆಯಲ್ಲಿ ಬೇಕಾದಷ್ಟಿದ್ದಾರೆ. ಸ್ಥಳೀಯರು ಸ್ಥಳೀಯ ಶಾಲೆಯಲ್ಲಿರುವುದರ ದೊಡ್ಡ ಲಾಭ ಇದು. ಸಂವಿಧಾನದ 371ಜೆ ವಿಧಿಯಿಂದ ನೇಮಕಾತಿಯಲ್ಲಿ ನಮಗೆ ಸಿಕ್ಕ ಮೀಸಲನ್ನು ನಾನು ಮುಖ್ಯವಾಗಿ ಈ ಕಣ್ಣಿನಿಂದಲೇ ನೋಡುತ್ತೇನೆ.

ದೀಪಾವಳಿಯ ಸುತ್ತಮುತ್ತ ಹಾಜರಿ ಪುಸ್ತಕ ತೆರೆದರೆ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಜೂನ್‌ನಿಂದ ಸಾಲಾಗಿ ಬಂದ ಹಾಜರಿ ಕೆಲವು ಹೆಸರುಗಳ ಮುಂದೆ ಒಮ್ಮೆಲೇ ನಿಂತು, ಆಮೇಲೆ ಪುಟಗಟ್ಟಲೆ ‘ಗೈ’, ‘ಗೈ’, ‘ಗೈ’. ಮಗು ಕಬ್ಬು ಕಡಿಯುವ ಗ್ಯಾಂಗಿನ ಜತೆ ಮಹಾರಾಷ್ಟ್ರಕ್ಕೋ, ಕಟ್ಟಡದ ಕೆಲಸಕ್ಕೆ ಪುಣೆ, ಮುಂಬೈ, ಹೈದರಾಬಾದಿಗೋ ಅವ್ವ–ಅಪ್ಪನ ಹಿಂದೆ ಹೋಗಿದೆ. ಹಿಂದಿರುಗುವುದು ಯುಗಾದಿಯ ಹೊತ್ತಿಗೆ, ಅಂದರೆ ಪರೀಕ್ಷೆಯ ಹೊತ್ತಿಗೆ. ಚಿಕ್ಕ ಮಕ್ಕಳನ್ನು ಅಜ್ಜ–ಅಜ್ಜಿಯ ಹತ್ತಿರ ಬಿಟ್ಟು ಹೋಗುತ್ತಾರೆ. ಆರು–ಏಳನೇ ತರಗತಿಯವರನ್ನು ಕರೆದೊಯ್ಯುತ್ತಾರೆ, ಏಕೆಂದರೆ ಆ ವಯಸ್ಸಿಗೆ ಕೂಸು ನೋಡಿಕೊಳ್ಳಲು, ಇಟ್ಟಿಗೆ ಎತ್ತಿಕೊಡಲು ಕೈ ಬರುತ್ತದೆ. ವಲಸೆ ಹೋದವರ ಮಕ್ಕಳನ್ನು ಊರಲ್ಲೇ ಉಳಿಸಿಕೊಳ್ಳಲು ಸರ್ವ ಶಿಕ್ಷಾ ಅಭಿಯಾನದಲ್ಲಿ ಋತುಮಾನದ ವಸತಿ ಕೇಂದ್ರಗಳ ಯೋಜನೆ ಬಂತು. ಒಳ್ಳೆಯ ಯೋಜನೆ. ಅದು ಅಕ್ಟೋಬರ್‌ಗೆ ಮೊದಲೇ ಬಾಗಿಲು ತೆರೆದರೆ ಮಾತ್ರ ಉಪಯೋಗ. ಗ್ಯಾಂಗು ಲಾರಿ ಹತ್ತಿದ ಮೇಲೆ ತೆರೆದರೆ ಒಳಗೆ ಮಲಗುವವರು ಯಾರು?

ನಡುವಿನ ವಯಸ್ಸಿನವರನ್ನು ಶಾಲೆಯಲ್ಲಿ ಹಿಡಿದಿಟ್ಟ ಒಂದು ಕೆಲಸವನ್ನು ಮಾತ್ರ ಮನಸಾರೆ ಹೊಗಳಬೇಕು: ಮಧ್ಯಾಹ್ನದ ಊಟ. ಸುಪ್ರೀಂ ಕೋರ್ಟ್ 2001ರ ನವೆಂಬರ್‌ನಲ್ಲಿ ಕೊಟ್ಟ ಆದೇಶದ ಬೆನ್ನಿಗೆ ಕರ್ನಾಟಕದಲ್ಲಿ ಅಕ್ಷರ ದಾಸೋಹ ಮೊದಲು ಶುರುವಾದದ್ದು ನಮ್ಮ ಕಡೆಯೇ, 2002ರ ಜೂನ್ 1ರಂದು, ಕಲಬುರಗಿಯೂ ಸೇರಿದಂತೆ ಏಳು ಜಿಲ್ಲೆಗಳಲ್ಲಿ. ಮೊದಲು ಐದನೇ ತರಗತಿವರೆಗೆ ಮಾತ್ರ ಇತ್ತು, ಆಮೇಲೆ ಏಳಕ್ಕೆ, ನಂತರ ಹತ್ತಕ್ಕೆ ಏರಿತು. 2013ರಲ್ಲಿ ಹಾಲು ಸೇರಿತು. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ, ವಿಜಯಪುರದಲ್ಲಿ ಮೊಟ್ಟೆ ಕೊಡಲು ಶುರುಮಾಡಿದಾಗ ಕೆಲವು ಮಠಾಧೀಶರು ವಿರೋಧಿಸಿದರು, ಮಕ್ಕಳು ಮಾತ್ರ ಬೇಕೆಂದರು. ಮೊಟ್ಟೆ ಬೇಡವೆನ್ನುವವರಿಗೆ ಬಾಳೆಹಣ್ಣು. ಮರುವರ್ಷ ಇಡೀ ರಾಜ್ಯಕ್ಕೆ ಬಂತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಕೈಜೋಡಿಸಿದ ಮೇಲೆ ವಾರಕ್ಕೆ ಆರು ದಿನವಾಯಿತು.

ಮಧ್ಯಾಹ್ನದ ಗಂಟೆ ಹೊಡೆದಾಗ ಶಾಲೆಯ ಪಡಸಾಲೆಯಲ್ಲಿ ಕೂತು ನೋಡಿ. ಚಿಕ್ಕವರು ಮೊಟ್ಟೆಯನ್ನು ಮೊದಲೇ ತಿಂದು ಮುಗಿಸುತ್ತಾರೆ. ಏಳನೇ ತರಗತಿಯ ಹುಡುಗರು ಸಿಪ್ಪೆಯನ್ನು ಜೋಪಾನವಾಗಿ ಬಿಡಿಸಿ, ಅನ್ನ–ಬ್ಯಾಳಿ ಎರಡನೇ ಸಲ ಹಾಕಿಸಿಕೊಂಡು, ಮೊಟ್ಟೆಯನ್ನು ಕೊನೆಗೆ ಉಳಿಸಿಕೊಳ್ಳುತ್ತಾರೆ. ಹನ್ನೆರಡು–ಹದಿಮೂರರ ವಯಸ್ಸು ಮೈ ಬೆಳೆಯುವ ಹೊತ್ತು. ಹೆಣ್ಣುಮಕ್ಕಳಿಗೆ ಮುಟ್ಟು ಶುರುವಾಗುವ ಹೊತ್ತು, ರಕ್ತಹೀನತೆ ಹಿಡಿಯುವ ಹೊತ್ತು. ಅಡುಗೆ ಮಾಡಿ ಬಡಿಸುವ ಅವ್ವಂದಿರು ತಿಂಗಳಿಗೆ ಪಡೆಯುವುದು 5 ಸಾವಿರಕ್ಕೂ ಕಡಿಮೆ. ಯಾವ ಮಗು ಮನೆಯಲ್ಲಿ ಉಂಡಿಲ್ಲ ಎಂಬುದು ಹೆಡ್‌ಮಾಸ್ತರಿಗಿಂತ ಮೊದಲು ಗೊತ್ತಾಗುವುದು ಅವರಿಗೆ.

ಏಳನೇ ತರಗತಿ ಮುಗಿದು ಟಿ.ಸಿ. ಕೈಗೆ ಬರುವ ದಿನ ದೊಡ್ಡ ಕಂದಕ ಎದುರಾಗುತ್ತದೆ. ಶಿಕ್ಷಣ ಹಕ್ಕು ಎಂಟನೇ ತರಗತಿವರೆಗೆ ಇದ್ದರೂ ನಮ್ಮ ಬಹುತೇಕ ಹಿರಿಯ ಪ್ರಾಥಮಿಕ ಶಾಲೆಗಳು ಏಳಕ್ಕೇ ನಿಲ್ಲುತ್ತವೆ. ಎಂಟನೆಯದು ಹೈಸ್ಕೂಲಿನಲ್ಲಿ, ಹೈಸ್ಕೂಲು ಬೇರೆ ಊರಲ್ಲಿ. ‘ಹೆಣ್ಣ ಹುಡುಗಿ ಅದಾಳ್ರಿ, ಅಷ್ಟ ದೂರ ಹ್ಯಾಂಗ್ ಕಳಸಾದ್ರಿ’ ಎಂಬ ಮಾತು ತಾಂಡಾಗಳಲ್ಲೂ ಊರುಗಳಲ್ಲೂ ಒಂದೇ. ಹದಿಮೂರರ ಹುಡುಗಿ ಒಂದು ಜೂನ್ ಶಾಲೆಗೆ ಹೋಗದಿದ್ದರೆ ಮರು ಜೂನ್ ಹೊತ್ತಿಗೆ ಮನೆಯಲ್ಲಿ ವರನ ಮಾತು ಶುರುವಾಗುತ್ತದೆ. 2006–07ರಲ್ಲಿ ಎಂಟನೇ ತರಗತಿಗೆ ಬಂದ ಉಚಿತ ಸೈಕಲ್ ಈ ಕಂದಕಕ್ಕೆ ಹಾಕಿದ ಸೇತುವೆಯಾಗಿತ್ತು. ಕೋವಿಡ್ ಬಂದಾಗ ನಿಂತ ಸೈಕಲ್ ಮತ್ತೆ ಬರಲಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಬಸ್ಸು ಉಚಿತ. ಹೆದ್ದಾರಿಯ ಊರಿಗೆ ಇದರಿಂದ ನಿಜವಾಗಿ ಅನುಕೂಲವಾಗಿದೆ. ಬಸ್ಸೇ ಹೋಗದ ತಾಂಡಾಕ್ಕೆ ಉಚಿತ ಟಿಕೆಟಿನಿಂದ ಏನಾಗಬೇಕು?

ಏಳು–ಎಂಟರ ನಡುವಿನ ಈ ಕಂದಕ ಎಲ್ಲೆಡೆಯೂ ಇಲ್ಲ. ಅಮೆರಿಕದಲ್ಲಿ ಈ ವಯಸ್ಸಿನವರಿಗೇ ಬೇರೆ ಶಾಲೆ ಬೇಕೆಂಬ ಯೋಚನೆ ನೂರು ವರ್ಷಕ್ಕೂ ಹಳೆಯದು. 1909ರಲ್ಲಿ ಒಹಾಯೊದ ಕೊಲಂಬಸ್‌ನಲ್ಲಿ ಜೂನಿಯರ್ ಹೈಸ್ಕೂಲ್ ತೆರೆದರು. 1963ರಲ್ಲಿ ವಿಲಿಯಂ ಅಲೆಕ್ಸಾಂಡರ್ ಎಂಬ ಶಿಕ್ಷಣತಜ್ಞರು, ಈ ಮಕ್ಕಳನ್ನು ಕಿರಿಯ ಹೈಸ್ಕೂಲಿಗರೆಂದು ಕಾಣದೆ ಅವರ ವಯಸ್ಸಿಗೆ ತಕ್ಕ ಶಾಲೆ ಕೊಡಿ ಎಂದು ವಾದಿಸಿದರು. ಇಂದು ಅಲ್ಲಿನ ಸಣ್ಣ ಊರುಗಳಲ್ಲಿ ಆರರಿಂದ ಎಂಟರ ಮಿಡ್ಲ್ ಸ್ಕೂಲ್ ಇರುವುದು ಸಾಮಾನ್ಯ. ನನಗೆ ಅಲ್ಲಿನ ಕಟ್ಟಡ, ಮೈದಾನಗಳಿಗಿಂತ ಮುಖ್ಯವೆನಿಸುವುದು ಒಂದು ಪದ್ಧತಿ: ಊರಿನ ಮನೆ–ಜಮೀನಿನ ತೆರಿಗೆಯ ಒಂದು ಪಾಲು ನೇರ ಶಾಲೆಗೆ ಹೋಗುತ್ತದೆ, ಊರಿನವರೇ ಆರಿಸಿದ ಮಂಡಳಿ ತುಂಬಿದ ಸಭೆಯಲ್ಲಿ ಉತ್ತರ ಕೊಡಬೇಕು. ಅದರ ಕೆಡುಕೂ ಅಷ್ಟೇ ದೊಡ್ಡದು. ಬಡ ಊರಿನ ಶಾಲೆ ಬಡವಾಗಿಯೇ ಉಳಿಯುತ್ತದೆ. ಆ ದೃಷ್ಟಿಯಿಂದ ರಾಜ್ಯದ ಬೊಕ್ಕಸದಿಂದ ಸಂಬಳ ಬರುವ ನಮ್ಮ ಪದ್ಧತಿಯೇ ನ್ಯಾಯವಾದದ್ದು. ಆದರೆ ಕೇಳುವ ಹಕ್ಕು? ರಾಜಾ ರಾಮಣ್ಣ ಕಾರ್ಯಪಡೆಯ ಶಿಫಾರಸಿನಂತೆ 2001ರಲ್ಲಿ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು (ಎಸ್‌ಡಿಎಂಸಿ) ಬಂದವು. ಶಿಕ್ಷಣ ಹಕ್ಕು ಕಾಯ್ದೆ ಶಾಲಾ ಸಮಿತಿಯಲ್ಲಿ ಮುಕ್ಕಾಲು ಭಾಗ ಪೋಷಕರಿರಬೇಕು, ಅರ್ಧದಷ್ಟು ಹೆಂಗಸರಿರಬೇಕು ಎಂದಿತು. ಕಮಲಾಪುರದ ತಾಂಡಾದಲ್ಲಿ ಸಭೆಯ ನೋಟಿಸು ಬರುವಾಗ ಆ ತಾಯಂದಿರಲ್ಲಿ ಎಷ್ಟೋ ಮಂದಿ ಕಬ್ಬಿನ ಗದ್ದೆಯಲ್ಲಿರುತ್ತಾರೆ. ಊರಲ್ಲಿದ್ದು ಸಭೆಗೆ ಬಂದರೂ ಗಣಿತದ ಮಾಸ್ತರನ್ನು ಕೊಡಿಸುವ ಅಧಿಕಾರ ಸಮಿತಿಗಿಲ್ಲ.

ಈ ನಡುವೆ ಸರ್ಕಾರಕ್ಕೆ ಎಂಟನೇ ತರಗತಿ ನೆನಪಾದದ್ದು ಪರೀಕ್ಷೆಯ ರೂಪದಲ್ಲಿ. 2023ರಲ್ಲಿ, 2024ರಲ್ಲಿ ಐದು ಮತ್ತು ಎಂಟಕ್ಕೆ ಬೋರ್ಡ್ ಪರೀಕ್ಷೆ ಮಾಡಹೊರಟು, ಹೈಕೋರ್ಟು–ಸುಪ್ರೀಂ ಕೋರ್ಟು ಅಲೆದು, 2024ರ ಏಪ್ರಿಲ್‌ನಲ್ಲಿ ಫಲಿತಾಂಶಕ್ಕೇ ತಡೆ ಬಿತ್ತು. ಕಲಿಸುವವರನ್ನು ಕೊಡದೆ ಅಳೆಯುವುದನ್ನು ಮೊದಲು ಮಾಡಿದರೆ ಆಗುವುದೇ ಹೀಗೆ. ಇದಕ್ಕಿಂತ ಗಟ್ಟಿಯಾದ ಮಾತು 2025ರ ಆಗಸ್ಟ್‌ನಲ್ಲಿ ಬಂತು. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ 2+8+4 ರಚನೆಯನ್ನು ಶಿಫಾರಸು ಮಾಡಿತು. ಎರಡು ವರ್ಷ ಪೂರ್ವ ಪ್ರಾಥಮಿಕ, ಎಂಟು ವರ್ಷ ಪ್ರಾಥಮಿಕ, ನಾಲ್ಕು ವರ್ಷ ಪ್ರೌಢ. ಉಳಿದ ಶಿಫಾರಸುಗಳ ಬಗ್ಗೆ ಚರ್ಚೆ ಎಷ್ಟಾದರೂ ಇರಲಿ, ಎಂಟು ವರ್ಷ ಒಂದೇ ಅಂಗಳದಲ್ಲಿ ಎಂಬ ಈ ಒಂದು ಅಂಶ ಕಮಲಾಪುರದ ಹುಡುಗಿಯರ ಮಟ್ಟಿಗೆ ನಾಳೆಯೇ ಜಾರಿಗೆ ಬರಬೇಕು.

ದುಡ್ಡಿಲ್ಲ ಎಂಬ ನೆಪ ಈ ಭಾಗಕ್ಕೆ ಇನ್ನು ಸಲ್ಲುವುದಿಲ್ಲ. 2002ರಲ್ಲಿ ನಂಜುಂಡಪ್ಪ ಸಮಿತಿ ಗುರುತಿಸಿದ ಅತ್ಯಂತ ಹಿಂದುಳಿದ 39 ತಾಲೂಕುಗಳಲ್ಲಿ 21 ಕಲಬುರಗಿ ವಿಭಾಗದವು. 371ಜೆ ಬಂದ ಮೇಲೆ ಅಭಿವೃದ್ಧಿ ಮಂಡಳಿ ಬಂತು. 2024–25ರ ಬಜೆಟ್ಟಿನಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 5 ಸಾವಿರ ಕೋಟಿ ರೂಪಾಯಿ ಇಟ್ಟರು. ಮಂಡಳಿಯ ‘ಅಕ್ಷರ ಆವಿಷ್ಕಾರ’ದಲ್ಲಿ ಶಿಕ್ಷಣಕ್ಕೆಂದೇ ದೊಡ್ಡ ಪಾಲು ಮೀಸಲಿದೆ. ಕೋಣೆಗಳು ಎದ್ದಿವೆ, ಬಣ್ಣ ಬಳಿಯಲಾಗಿದೆ, ಕಂಪ್ಯೂಟರುಗಳು ಬಂದಿವೆ. ಇನ್ನು ಆ ಕೋಣೆಯೊಳಗೆ ನಿಲ್ಲುವವರು ಬೇಕು. ಏಳಕ್ಕೆ ನಿಲ್ಲುವ ಪ್ರತಿಯೊಂದು ಶಾಲೆಗೂ ಎಂಟನೇ ತರಗತಿ, ಜೂನ್ ಮೊದಲ ವಾರಕ್ಕೇ ಮೂವರು ಜಿಪಿಟಿ ಶಿಕ್ಷಕರು, ಅಕ್ಟೋಬರ್‌ಗೆ ಮೊದಲೇ ತೆರೆಯುವ ವಲಸಿಗರ ಮಕ್ಕಳ ವಸತಿ ಕೇಂದ್ರ. ಕಲಬುರಗಿಯ ಜನಪ್ರತಿನಿಧಿಗಳು ಬರುವ ಬಜೆಟ್ಟಿನಲ್ಲಿ ಹೊಸ ಕಟ್ಟಡ ಕೇಳುವ ಮೊದಲು ಈ ಮೂರನ್ನು ಕೇಳಲಿ.